ಕಣ್ಣೀರು ಒರೆಸಿಕೊಂಡ ಮೇಲೆ

ಪ್ರಿಯ ಸಹೋದರಿ, ನಿಮ್ಮ ಮನೆಯಲ್ಲಿ ಸಿನಿಮಾ ನೋಡುವ ರೂಢಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಸರಿಯೇ ತಪ್ಪೇ ಎಂಬ ಚರ್ಚೆಗೆ ಇಂದು ನಾನು ಹೋಗುವುದೂ ಇಲ್ಲ. ಆದರೆ ಟಾಕೀಸಿನ ಮೆಟ್ಟಿಲು ಹತ್ತದ ಮನೆಗೂ ಇಂದು ಸಿನಿಮಾ ಬರುತ್ತದೆ ಎಂಬುದಂತೂ ನಿಜ. ಕಾಲೇಜಿಗೆ ಹೋಗುವ ಮಗಳ ಮೊಬೈಲಿನಲ್ಲಿ ಬರುತ್ತದೆ. ಮಗನ ಗೆಳೆಯ ಕಳಿಸಿದ ಲಿಂಕಿನಲ್ಲಿ ಬರುತ್ತದೆ. ಹಾಗೆ ಬರುವವುಗಳಲ್ಲಿ ಒಂದು ಬಗೆಯ ಸಿನಿಮಾಗಳಿವೆ. ಅವನ್ನು ನೋಡಿ ಮುಗಿಸಿದ ಮೇಲೆ ಊಟ ಸೇರುವುದಿಲ್ಲ. ಮಲಗಿದರೆ ನಿದ್ದೆ ಹತ್ತುವುದಿಲ್ಲ. ಪಕ್ಕದಲ್ಲಿ ಮಲಗಿದ ಮಗುವಿನ ಹೊದಿಕೆಯನ್ನು ಮತ್ತೆ ಮತ್ತೆ ಸರಿಪಡಿಸೋಣ ಎನಿಸುತ್ತದೆ. ಹಿಟ್ಲರನ ಕಾಲದಲ್ಲಿ ನಡೆದ ಯಹೂದಿಯರ ನರಮೇಧದ ಕುರಿತಾದ ಸಿನಿಮಾಗಳು ಅವು. ಜಗತ್ತು ಅದನ್ನು ಹೋಲೊಕಾಸ್ಟ್ ಎಂದು ಕರೆಯುತ್ತದೆ.

1993ರಲ್ಲಿ ಬಂದ ಸ್ಟೀವನ್ ಸ್ಪಿಲ್‌ಬರ್ಗ್‌ರ 'ಶಿಂಡ್ಲರ್ಸ್ ಲಿಸ್ಟ್' ಇವುಗಳಲ್ಲಿ ಹೆಚ್ಚು ಹೆಸರಾದುದು. 1997ರ 'ಲೈಫ್ ಈಸ್ ಬ್ಯೂಟಿಫುಲ್', 2002ರ 'ದಿ ಪಿಯಾನಿಸ್ಟ್', 2008ರ 'ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್' ಕೂಡ ನಮ್ಮ ಯುವಕ ಯುವತಿಯರಿಗೆ ಪರಿಚಿತ. ಇವನ್ನು ನೋಡಿ ಅತ್ತವರು ನಮ್ಮ ನಡುವೆಯೂ ಇದ್ದಾರೆ. ಆ ಅಳು ಎಲ್ಲಿಂದ ಬರುತ್ತದೆ? ಬಂದ ಮೇಲೆ ಎಲ್ಲಿಗೆ ಹೋಗುತ್ತದೆ? ಈ ತಿಂಗಳು ಈ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಸಂಗತಿ ಏನೆಂದು ಸಂಕ್ಷಿಪ್ತವಾಗಿ ತಿಳಿಯೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಝಿ ಆಡಳಿತ ಮತ್ತು ಅದರ ಜೊತೆಗಾರರು ಯುರೋಪಿನ ಸುಮಾರು 60 ಲಕ್ಷ ಯಹೂದಿಯರನ್ನು ಕೊಂದರು. ಗುಂಡಿಟ್ಟು ಕೊಂದರು, ಹಸಿವಿನಿಂದ ಕೊಂದರು, ವಿಷಾನಿಲದ ಕೋಣೆಗಳಿಗೆ ತುಂಬಿ ಕೊಂದರು. ರೋಮಾ ಎಂಬ ಅಲೆಮಾರಿ ಜನಾಂಗದವರು, ಅಂಗವಿಕಲರು, ಸೆರೆಸಿಕ್ಕ ಸೋವಿಯತ್ ಸೈನಿಕರು ಕೂಡ ಲಕ್ಷಗಟ್ಟಲೆ ಸತ್ತರು. ಪೋಲೆಂಡಿನ ಆಶ್ವಿಟ್ಝ್ ಎಂಬ ಒಂದೇ ಶಿಬಿರದಲ್ಲಿ ಸುಮಾರು 11 ಲಕ್ಷ ಜನ ಪ್ರಾಣ ಕಳೆದುಕೊಂಡರು. 1945ರ ಜನವರಿ 27ರಂದು ಸೋವಿಯತ್ ಸೇನೆ ಆ ಶಿಬಿರದ ಬಾಗಿಲು ತೆರೆಯಿತು.

ಈ ಅಂಕಿಗಳನ್ನು ಓದುವಾಗ ನಿಮಗೆ ಅಳು ಬಂತೇ? ಇಲ್ಲ. 60 ಲಕ್ಷ ಎಂಬುದನ್ನು ನಮ್ಮ ಮನಸ್ಸು ಹಿಡಿದುಕೊಳ್ಳಲಾರದು. ಆದರೆ 'ದಿ ಪಿಯಾನಿಸ್ಟ್' ಸಿನಿಮಾದಲ್ಲಿ ಒಂದು ದೃಶ್ಯವಿದೆ. 1942ರ ಬೇಸಿಗೆ. ವಾರ್ಸಾ ನಗರದ ರೈಲುಕಟ್ಟೆಯ ಬಳಿ ಯಹೂದಿಯರನ್ನು ಗುಂಪು ಗುಂಪಾಗಿ ಕೂರಿಸಲಾಗಿದೆ. ರೈಲು ಎಲ್ಲಿಗೆ ಹೋಗುತ್ತದೆಂದು ಅವರಿಗೆ ಗೊತ್ತಿಲ್ಲ. ಒಬ್ಬ ಹುಡುಗ ಮಿಠಾಯಿ ಮಾರುತ್ತಾ ಬರುತ್ತಾನೆ. ಆರು ಜನರ ಒಂದು ಕುಟುಂಬ ತನ್ನಲ್ಲಿದ್ದ ಹಣವನ್ನೆಲ್ಲ ಒಟ್ಟುಗೂಡಿಸಿ ಒಂದೇ ಒಂದು ಮಿಠಾಯಿ ಕೊಳ್ಳುತ್ತದೆ. ತಂದೆ ಅದನ್ನು ಪುಟ್ಟ ಚಾಕುವಿನಿಂದ ಆರು ತುಂಡು ಮಾಡಿ ಹಂಚುತ್ತಾನೆ. ಅದು ಅವರು ಒಟ್ಟಿಗೆ ತಿಂದ ಕೊನೆಯ ತುತ್ತು. ಸ್ವಲ್ಪ ಹೊತ್ತಿನಲ್ಲಿ ಸಂಗೀತಗಾರನಾದ ಒಬ್ಬ ಮಗನನ್ನು ಯಾರೋ ಗುಂಪಿನಿಂದ ಹೊರಗೆಳೆಯುತ್ತಾರೆ. ಉಳಿದ ಐವರು ರೈಲು ಹತ್ತುತ್ತಾರೆ. ಇದು ಕಟ್ಟುಕಥೆಯಲ್ಲ. ವಾಡಿಸ್ಲಾವ್ ಶ್ಪಿಲ್‌ಮನ್ ಎಂಬ ಪಿಯಾನೊ ವಾದಕ ಸ್ವತಃ ಬರೆದಿಟ್ಟ ನೆನಪುಗಳ ಮೇಲೆ ಆ ಸಿನಿಮಾ ನಿಂತಿದೆ. ಆ ಬೇಸಿಗೆಯಲ್ಲಿ ವಾರ್ಸಾದಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಹೀಗೆಯೇ ಸಾವಿಗೆ ಕಳಿಸಲಾಯಿತು.

ಎರಡೂವರೆ ಲಕ್ಷಕ್ಕೆ ಬಾರದ ಅಳು ಆರು ತುಂಡು ಮಿಠಾಯಿಗೆ ಬರುತ್ತದೆ. ಏಕೆಂದರೆ ಮಿಠಾಯಿ ಹಂಚುವುದು ನಮಗೆ ಗೊತ್ತು. ಇರುವ ಒಂದು ಹಣ್ಣನ್ನು ಮಕ್ಕಳಿಗೆ ಸಮಪಾಲು ಮಾಡಿ, ತನಗೆ ಬೇಡವೆನ್ನುವುದು ಪ್ರತಿಯೊಬ್ಬ ತಾಯಿಗೂ ಗೊತ್ತು. 'ಶಿಂಡ್ಲರ್ಸ್ ಲಿಸ್ಟ್' ಹೆಚ್ಚು ಕಡಿಮೆ ಇಡೀ ಕಪ್ಪುಬಿಳುಪಿನ ಚಿತ್ರ. ಅದರ ನಡುವೆ ಒಬ್ಬ ಪುಟ್ಟ ಹುಡುಗಿಯ ಕೋಟು ಮಾತ್ರ ಕೆಂಪಾಗಿ ಕಾಣುತ್ತದೆ. ಸಾವಿರಾರು ಜನರ ಗುಂಪಿನಲ್ಲಿ ಕಣ್ಣು ಅವಳೊಬ್ಬಳನ್ನೇ ಹಿಂಬಾಲಿಸುತ್ತದೆ. ಮುಂದೊಂದು ದೃಶ್ಯದಲ್ಲಿ ಹೆಣಗಳ ಗಾಡಿಯ ಮೇಲೆ ಆ ಕೆಂಪು ಕೋಟು ಕಂಡಾಗ ಎದೆ ಧಸಕ್ಕೆನ್ನುತ್ತದೆ. ಸಂಖ್ಯೆಯನ್ನು ಮುಖವಾಗಿಸಿ ತೋರಿಸುವುದೇ ಈ ಸಿನಿಮಾಗಳ ಶಕ್ತಿ.

ಇಲ್ಲಿ ನಮ್ಮ ಮನೆಗಳಲ್ಲಿ ಏಳುವ ಒಂದು ಮಾತಿದೆ. ಅದನ್ನು ಮುಚ್ಚಿಟ್ಟು ಮುಂದೆ ಹೋಗುವುದು ಸರಿಯಲ್ಲ. "ಅವರಿಗಾಗಿ ನಾವೇಕೆ ಅಳಬೇಕು? ಫೆಲೆಸ್ತೀನ್‌ನಲ್ಲಿ ನಮ್ಮವರಿಗೆ ಏನು ಮಾಡಲಾಗಿದೆಯೆಂದು ನೋಡುತ್ತಿಲ್ಲವೇ?" ಎಂಬ ಮಾತು. 2023ರ ಅಕ್ಟೋಬರ್ ನಂತರ ಗಾಝಾದಲ್ಲಿ ಹತ್ತಾರು ಸಾವಿರ ಮಂದಿ ಹತರಾದುದನ್ನು ನಾವು ಕಂಡೆವು. ಅವರಲ್ಲಿ ಸಾವಿರಾರು ಮಂದಿ ಮಕ್ಕಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕಂದಮ್ಮಗಳನ್ನು ಎದೆಗವಚಿಕೊಂಡ ತಾಯಂದಿರನ್ನು ಕಂಡೆವು. ಆ ನೋವಿನಲ್ಲಿರುವ ಮನಸ್ಸು ಹೀಗೆ ಕೇಳುವುದು ಅರ್ಥವಾಗದ ಸಂಗತಿಯೇನಲ್ಲ. ಆದರೆ ಆ ನೋವಿನ ಬೆನ್ನೇರಿ ಇನ್ನೊಂದು ಮಾತೂ ಬರುತ್ತದೆ. ಹಿಟ್ಲರ್ ಮಾಡಿದ್ದು ಸರಿ, ಇನ್ನೂ ಉಳಿಸಬಾರದಿತ್ತು ಎಂಬಂತಹ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತವೆ. ಅದೆಲ್ಲ ನಡೆದೇ ಇಲ್ಲ, ಬರೀ ಸುಳ್ಳು ಎನ್ನುವವರೂ ಇದ್ದಾರೆ. ಸಹೋದರಿ, ಇಂತಹ ಸಂದೇಶ ನಿಮ್ಮ ಮನೆಯ ಗ್ರೂಪಿಗೆ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಸುಮ್ಮನೆಯೂ ಇರಬೇಡಿ. ಕಳಿಸಿದವರಿಗೆ ಮೆಲ್ಲಗೆ ತಿಳಿಹೇಳಿ.

ಏಕೆಂದರೆ ನಮ್ಮ ದೀನ್ ನಮಗೆ ಕಲಿಸಿದ್ದು ಅದಲ್ಲ. ಒಮ್ಮೆ ಪ್ರವಾದಿ(ಸ)ಯವರ ಮುಂದೆ ಒಂದು ಶವಯಾತ್ರೆ ಹಾದುಹೋಯಿತು. ಅವರು ಎದ್ದು ನಿಂತರು. ಅದು ಯಹೂದಿಯ ಶವ ಎಂದು ಜೊತೆಗಿದ್ದವರು ಹೇಳಿದರು. ಅವನೂ ಒಂದು ಜೀವವಲ್ಲವೇ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಮರುಪ್ರಶ್ನಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಈ ಘಟನೆ ದಾಖಲಾಗಿದೆ. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಎಚ್ಚರಿಕೆ ಸೂರಃ ಅಲ್ ಮಾಇದದಲ್ಲಿದೆ. ಒಂದು ನಿರಪರಾಧಿ ಜೀವದ ಹತ್ಯೆ ಇಡೀ ಮಾನವಕುಲದ ಹತ್ಯೆಗೆ ಸಮಾನ ಎಂಬ ಬೋಧನೆಯೂ ಅದೇ ಸೂರಃದಲ್ಲಿದೆ. 1942ರಲ್ಲಿ ವಾರ್ಸಾದ ರೈಲುಕಟ್ಟೆಯಲ್ಲಿ ಮಿಠಾಯಿ ಹಂಚಿಕೊಂಡ ಆ ಕುಟುಂಬ ಗಾಝಾದ ಮೇಲೆ ಬಾಂಬು ಹಾಕಲಿಲ್ಲ. ಇಸ್ರೇಲ್ ಎಂಬ ದೇಶ ಸ್ಥಾಪನೆಯಾದದ್ದೇ 1948ರಲ್ಲಿ. ಒಬ್ಬರ ತಪ್ಪಿನ ಲೆಕ್ಕವನ್ನು ಇನ್ನೊಬ್ಬರ ಶವದ ಮೇಲೆ ಬರೆಯುವುದು ನ್ಯಾಯವೇ? ನಮ್ಮ ಹೆಸರು ಕೇಳಿ, ನಮ್ಮ ಬುರ್ಖಾ ನೋಡಿ, ಎಲ್ಲೋ ಯಾರೋ ಮಾಡಿದ ಕೃತ್ಯಕ್ಕೆ ನಮ್ಮನ್ನು ಗುರಿ ಮಾಡುವಾಗ ನಾವು ಇದೇ ಪ್ರಶ್ನೆಯನ್ನಲ್ಲವೇ ಕೇಳುವುದು?

ಇನ್ನೊಂದು ಸಂಗತಿ ಹೇಳುತ್ತೇನೆ, ಕೇಳಿ. ಆಶ್ವಿಟ್ಝ್ ಶಿಬಿರದಲ್ಲಿ ಹಸಿವಿನಿಂದ ಎಲುಬಿನ ಗೂಡಾಗಿ, ಬದುಕುವ ಆಸೆಯನ್ನೇ ಬಿಟ್ಟು, ತಲೆ ತಗ್ಗಿಸಿ ಓಲಾಡುತ್ತಿದ್ದ ಕೈದಿಗಳಿಗೆ ಉಳಿದ ಕೈದಿಗಳು ಒಂದು ಹೆಸರಿಟ್ಟಿದ್ದರು. 'ಮುಸೆಲ್‌ಮನ್' ಎಂದು. ಜರ್ಮನ್ ಭಾಷೆಯಲ್ಲಿ ಮುಸ್ಲಿಮನಿಗೆ ಇದ್ದ ಹಳೆಯ ಪದ ಅದು. ಅವರ ಬಾಗಿದ ದೇಹ ನಮಾಝಿನಲ್ಲಿ ಬಾಗಿದವರಂತೆ ಕಾಣುತ್ತಿತ್ತು ಎಂಬುದು ಈ ಹೆಸರಿಗೆ ಕೊಡುವ ವಿವರಣೆಗಳಲ್ಲಿ ಒಂದು. ಆ ಶಿಬಿರದಿಂದ ಬದುಕಿ ಬಂದ ಇಟಲಿಯ ಲೇಖಕ ಪ್ರೀಮೊ ಲೆವಿ ಇದನ್ನು ದಾಖಲಿಸಿದ್ದಾರೆ. ಸಾವಿನಂಚಿನಲ್ಲಿದ್ದ ಆ ಯಹೂದಿಯರನ್ನು ನಮ್ಮ ಹೆಸರಿನಿಂದ ಕರೆಯಲಾಯಿತು. ಅದರಲ್ಲಿ ನಮ್ಮ ಬಗೆಗಿನ ತಾತ್ಸಾರವೂ ಇದ್ದಿರಬಹುದು. ಆದರೆ ಈ ಸಂಗತಿ ತಿಳಿದ ಮೇಲೆ ಆ ಸಾವುಗಳು ನನಗೆ ಸಂಬಂಧವೇ ಇಲ್ಲದವು ಎಂದು ಹೇಳಲು ನಾಲಿಗೆ ಬರುವುದಿಲ್ಲ.

ಹಾಗಾದರೆ ಅಳು ಬಂದರೆ ಅಳಬೇಕು. ಅದಕ್ಕೆ ನಾಚಬೇಕಿಲ್ಲ. ಈಗ ಎರಡನೇ ಪ್ರಶ್ನೆಗೆ ಬರೋಣ. ಆ ಅಳು ಎಲ್ಲಿಗೆ ಹೋಗುತ್ತದೆ?

ಒಳ್ಳೆಯ ಕಡೆಗೆ ಹೋದ ಒಂದು ಉದಾಹರಣೆ ಇದೆ. 1978ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ 'ಹೋಲೊಕಾಸ್ಟ್' ಎಂಬ ಹೆಸರಿನದೇ ನಾಲ್ಕು ಕಂತುಗಳ ಧಾರಾವಾಹಿ ಬಂತು. ಅದು ನರಮೇಧವನ್ನು ಅಗ್ಗದ ಕಥೆಯಾಗಿಸಿತು ಎಂದು ಶಿಬಿರದಿಂದ ಬದುಕಿ ಬಂದ ಲೇಖಕ ಎಲೀ ವೀಸೆಲ್ ಅವರೇ ಕಟುವಾಗಿ ಟೀಕಿಸಿದರು. ಆದರೆ 1979ರ ಜನವರಿಯಲ್ಲಿ ಅದು ಪಶ್ಚಿಮ ಜರ್ಮನಿಯಲ್ಲಿ ಪ್ರಸಾರವಾದಾಗ ಆದದ್ದೇ ಬೇರೆ. ಸುಮಾರು ಎರಡು ಕೋಟಿ ಜನ ನೋಡಿದರು. ಪ್ರತಿ ಕಂತಿನ ನಂತರ ಟಿ.ವಿ. ಕೇಂದ್ರಕ್ಕೆ ಸಾವಿರಾರು ಫೋನ್ ಕರೆಗಳು ಬಂದವು. ಯುದ್ಧ ಮುಗಿದು 30 ವರ್ಷ ಕಳೆದಿದ್ದರೂ ಬಹಳಷ್ಟು ಮನೆಗಳಲ್ಲಿ ಆ ವಿಷಯ ಮಾತಿಗೇ ಬಂದಿರಲಿಲ್ಲ. ಈಗ ಮಕ್ಕಳು ತಂದೆಯನ್ನು ಕೇಳತೊಡಗಿದರು, ಆಗ ನೀವು ಎಲ್ಲಿದ್ದಿರಿ, ನಿಮಗೆ ಏನು ಗೊತ್ತಿತ್ತು ಎಂದು. ಕೊಲೆ ಪ್ರಕರಣಗಳಿಗೆ ಕಾನೂನಿನಲ್ಲಿ ಒಂದು ಕಾಲಮಿತಿ ಇತ್ತು. ಅದು ಮುಗಿದರೆ ಉಳಿದ ನಾಝಿ ಕೊಲೆಗಾರರನ್ನು ಮತ್ತೆ ವಿಚಾರಣೆಗೆ ಎಳೆಯುವಂತಿರಲಿಲ್ಲ. ಆ ಬಗ್ಗೆ ಸಂಸತ್ತಿನಲ್ಲಿ ಚರ್ಚೆ ನಡೆಯುತ್ತಿದ್ದ ಹೊತ್ತದು. 1979ರ ಜುಲೈಯಲ್ಲಿ ಆ ಕಾಲಮಿತಿಯನ್ನೇ ತೆಗೆದುಹಾಕಲಾಯಿತು. ಧಾರಾವಾಹಿಯೊಂದೇ ಇದಕ್ಕೆ ಕಾರಣವಲ್ಲ. ಆದರೆ ಕೋಣೆಯೊಳಗೆ ಸುರಿದ ಕಣ್ಣೀರಿಗೂ ಆ ನಿರ್ಧಾರದಲ್ಲಿ ಪಾಲಿತ್ತು.

ಎಲ್ಲ ಕಣ್ಣೀರೂ ಹಾಗೆ ಹರಿಯುವುದಿಲ್ಲ. ಕೆಲವು ಸಿನಿಮಾಗಳು ನಮ್ಮನ್ನು ಅಳಿಸಿ, ಹಗುರ ಮಾಡಿ ಕಳಿಸುತ್ತವೆ. 'ಸ್ಟ್ರೈಪ್ಡ್ ಪೈಜಾಮಾಸ್' ಕಥೆಯನ್ನೇ ನೋಡಿ. ಶಿಬಿರದ ಅಧಿಕಾರಿಯ ಪುಟ್ಟ ಮಗ ಬೇಲಿಯಾಚೆಯ ಯಹೂದಿ ಹುಡುಗನ ಗೆಳೆತನ ಬೆಳೆಸುತ್ತಾನೆ. ಕೊನೆಗೆ ಅವನೂ ವಿಷಾನಿಲದ ಕೋಣೆಗೆ ಸಿಲುಕುತ್ತಾನೆ. ಆಗ ಪ್ರೇಕ್ಷಕರ ಕಣ್ಣೀರು ಹೆಚ್ಚಾಗಿ ಹರಿಯುವುದು ಯಾರಿಗಾಗಿ? ಆ ಅಧಿಕಾರಿಯ ಮಗನಿಗಾಗಿ, ಅವನ ತಾಯಿಗಾಗಿ. ದಿನವೂ ಅದೇ ಕೋಣೆಗೆ ಹೋಗುತ್ತಿದ್ದ ಮಕ್ಕಳು ಹಿನ್ನೆಲೆಗೆ ಸರಿಯುತ್ತಾರೆ. ನಿಜ ಇತಿಹಾಸದಲ್ಲಿ ಆಶ್ವಿಟ್ಝ್‌ಗೆ ಬಂದ ಎಳೆಯ ಮಕ್ಕಳಲ್ಲಿ ಹೆಚ್ಚಿನವರನ್ನು ಬಂದ ದಿನವೇ ಕೊಲ್ಲಲಾಗುತ್ತಿತ್ತು. ಬೇಲಿಯ ಬಳಿ ಕುಳಿತು ಹರಟೆ ಹೊಡೆಯುವ ಅವಕಾಶ ಯಾರಿಗೂ ಇರಲಿಲ್ಲ. ಈ ಕಥೆಯ ಮೂಲ ಕಾದಂಬರಿಯನ್ನು ಇತಿಹಾಸ ಕಲಿಯುವವರೂ ಕಲಿಸುವವರೂ ದೂರವಿಡಬೇಕೆಂದು ಆಶ್ವಿಟ್ಝ್ ಸ್ಮಾರಕ ಸಂಗ್ರಹಾಲಯವೇ 2020ರಲ್ಲಿ ಹೇಳಿತು. ನಿಮ್ಮ ಮಕ್ಕಳು ಈ ಸಿನಿಮಾ ನೋಡಿದ್ದರೆ ಬೈಯಬೇಡಿ. ಆದರೆ ಇಷ್ಟನ್ನು ಅವರಿಗೆ ಹೇಳಿ.

ಈ ಸಿನಿಮಾಗಳ ಮುಂದೆ ಕುಳಿತಾಗ ನಾವೆಲ್ಲರೂ ಮಾಡುವ ಒಂದು ಕೆಲಸವಿದೆ. ನಮಗೇ ತಿಳಿಯದಂತೆ ನಾವು ನೊಂದವರ ಜಾಗದಲ್ಲಿ ಕುಳಿತುಬಿಡುತ್ತೇವೆ. ನಾವು ಆ ತಾಯಿ, ನಮ್ಮ ಮಗು ಆ ಮಗು. ಅಲ್ಲದಿದ್ದರೆ ಕಾಪಾಡುವವನ ಜಾಗದಲ್ಲಿ ಕೂರುತ್ತೇವೆ. ಆಸ್ಕರ್ ಶಿಂಡ್ಲರ್ ಎಂಬ ಕಾರ್ಖಾನೆ ಮಾಲಿಕ ಸಾವಿರಕ್ಕೂ ಹೆಚ್ಚು ಯಹೂದಿಯರನ್ನು ಉಳಿಸಿದ. ನಾವಿದ್ದಿದ್ದರೆ ಹಾಗೆಯೇ ಮಾಡುತ್ತಿದ್ದೆವು ಎಂದುಕೊಳ್ಳುತ್ತೇವೆ. ಮೂರನೆಯದೊಂದು ಜಾಗವಿದೆ. ಅಲ್ಲಿ ಕೂರಲು ಯಾರಿಗೂ ಇಷ್ಟವಿಲ್ಲ.

2023ರಲ್ಲಿ ಬಂದ 'ದಿ ಝೋನ್ ಆಫ್ ಇಂಟರೆಸ್ಟ್' ನಮ್ಮನ್ನು ಆ ಜಾಗದಲ್ಲೇ ಕೂರಿಸುತ್ತದೆ. ಬ್ರಿಟನ್ನಿನ ಯಹೂದಿ ನಿರ್ದೇಶಕ ಜೊನಾಥನ್ ಗ್ಲೇಝರ್ ಇದನ್ನು ಮಾಡಿದರು. ಇದರಲ್ಲಿ ರಕ್ತವಿಲ್ಲ, ಹೊಡೆತವಿಲ್ಲ. ಆಶ್ವಿಟ್ಝ್ ಶಿಬಿರದ ಮುಖ್ಯಾಧಿಕಾರಿ ರುಡಾಲ್ಫ್ ಹೋಸ್‌ನ ಮನೆ ಇದೆ. ಅದು ನಿಜವಾಗಿಯೂ ಶಿಬಿರದ ಗೋಡೆಗೆ ಅಂಟಿಕೊಂಡೇ ಇತ್ತು. ಗೋಡೆಯ ಈ ಕಡೆ ಹೂದೋಟ, ತರಕಾರಿ ಮಡಿ, ಮಕ್ಕಳ ಆಟ, ಅಡುಗೆಮನೆಯ ಗದ್ದಲ. ಆ ಕಡೆ ಏನಿದೆಯೆಂದು ಸಿನಿಮಾ ತೋರಿಸುವುದೇ ಇಲ್ಲ, ಬರೀ ಕೇಳಿಸುತ್ತದೆ. ದೂರದ ಕೂಗು, ಗುಂಡಿನ ಸದ್ದು, ಎಡೆಬಿಡದ ಒಲೆಯ ಮೊರೆತ. ಮನೆಯಾಕೆ ಹೆಡ್‌ವಿಗ್‌ಗೆ ಆ ಕಡೆಯಿಂದ ಬಂದ ಬಟ್ಟೆಗಳ ಗಂಟು ತಲುಪುತ್ತದೆ. ಕೊಲ್ಲಲ್ಪಟ್ಟ ಯಾವುದೋ ಹೆಣ್ಣಿನ ತುಪ್ಪಳದ ಕೋಟನ್ನು ಆಕೆ ಕನ್ನಡಿಯ ಮುಂದೆ ತೊಟ್ಟು ನೋಡುತ್ತಾಳೆ. ಜೇಬಿನಲ್ಲಿದ್ದ ಲಿಪ್‌ಸ್ಟಿಕ್ಕನ್ನು ತುಟಿಗೆ ಹಚ್ಚಿಕೊಳ್ಳುತ್ತಾಳೆ. ಗಂಡನಿಗೆ ವರ್ಗವಾದಾಗ ಈ ಮನೆ ಬಿಟ್ಟು ಬರಲಾರೆ ಎಂದು ಹಟ ಹಿಡಿಯುತ್ತಾಳೆ. ಮಕ್ಕಳನ್ನು ಬೆಳೆಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂಬುದು ಅವಳ ವಾದ.

ಸಹೋದರಿ, ಈ ಸಿನಿಮಾಕ್ಕೆ ಕಣ್ಣೀರು ಬರುವುದಿಲ್ಲ. ಹೊಟ್ಟೆಯೊಳಗೆ ಏನೋ ತಿರುಚಿದಂತಾಗುತ್ತದೆ. ಏಕೆಂದರೆ ಆಕೆ ರಾಕ್ಷಸಿಯಂತೆ ಕಾಣುವುದಿಲ್ಲ. ಒಬ್ಬ ಗೃಹಿಣಿಯಂತೆಯೇ ಕಾಣುತ್ತಾಳೆ. ತೋಟಕ್ಕೆ ನೀರು, ಮಕ್ಕಳಿಗೆ ತಿಂಡಿ, ನೆಂಟರಿಗೆ ಉಪಚಾರ. ಆ ಕಡೆಯ ಸದ್ದು ಅವಳ ಕಿವಿಗೆ ಬೀಳುವುದೇ ನಿಂತುಹೋಗಿದೆ.

ಇದನ್ನು ಓದುವಾಗ ನಿಮಗೂ ಆ ಹದೀಸ್ ನೆನಪಾಗಬಹುದು. ಒಂದು ಬೆಕ್ಕಿನ ಕಾರಣದಿಂದ ನರಕ ಪಾಲಾದ ಹೆಣ್ಣಿನ ಕಥೆ. ಆಕೆ ಆ ಬೆಕ್ಕನ್ನು ಹೊಡೆದು ಕೊಂದಳೆಂದು ಅಲ್ಲಿ ಹೇಳಿಲ್ಲ. ಕಟ್ಟಿಹಾಕಿದಳು, ಉಣಿಸಲಿಲ್ಲ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಅಷ್ಟೇ. ಮನೆಯ ಕೆಲಸ ಎಂದಿನಂತೆ ನಡೆಯುತ್ತಿದ್ದಿರಬೇಕು. ಒಂದು ಮೂಲೆಯಲ್ಲಿ ಒಂದು ಜೀವ ಬಾಡುತ್ತಿತ್ತು. ಕೇಳಿಸದಿರುವುದೂ ಒಂದು ಅಪರಾಧ ಎಂದು ಪ್ರವಾದಿ(ಸ) ನಮಗೆ ಅಂದೇ ಕಲಿಸಿಬಿಟ್ಟಿದ್ದಾರೆ.

ಗ್ಲೇಝರ್ ಈ ಸಿನಿಮಾ ಹಿಂದಿನದನ್ನು ತೋರಿಸಲು ಮಾತ್ರ ಮಾಡಲಿಲ್ಲ. 2024ರ ಮಾರ್ಚ್‌ನಲ್ಲಿ ಆಸ್ಕರ್ ಪ್ರಶಸ್ತಿ ಪಡೆದ ವೇದಿಕೆಯಲ್ಲೇ ಅವರು ಅದನ್ನು ಸ್ಪಷ್ಟಪಡಿಸಿದರು. ಹೋಲೊಕಾಸ್ಟಿನ ನೆನಪನ್ನು ಒಂದು ಆಕ್ರಮಣದ ಸಮರ್ಥನೆಗೆ ಬಳಸುವುದನ್ನು ತಾವು ಒಪ್ಪುವುದಿಲ್ಲವೆಂದರು. ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಬಲಿಯಾದವರೂ, ಗಾಝಾದಲ್ಲಿ ಬಲಿಯಾಗುತ್ತಿರುವವರೂ ಮನುಷ್ಯನನ್ನು ಮನುಷ್ಯನೆಂದು ಕಾಣದ ಇದೇ ರೋಗಕ್ಕೆ ತುತ್ತಾದವರು ಎಂಬರ್ಥದ ಮಾತಾಡಿದರು. ಅದಕ್ಕಾಗಿ ಅವರು ತಮ್ಮ ಸಮುದಾಯದ ಬಹಳಷ್ಟು ಮಂದಿಯ ಸಿಟ್ಟನ್ನು ಎದುರಿಸಿದರು, ಹಲವರ ಬೆಂಬಲವನ್ನೂ ಪಡೆದರು. ತನ್ನವರ ನೋವಿಗೆ ಅಳುವಾಗಲೇ ಇನ್ನೊಬ್ಬರ ನೋವನ್ನೂ ಕಾಣಲು ಒಬ್ಬ ಯಹೂದಿ ನಿರ್ದೇಶಕನಿಗೆ ಸಾಧ್ಯವಾದರೆ, ನಮಗೇಕೆ ಸಾಧ್ಯವಾಗಬಾರದು?

ಈಗ ಒಂದು ಭಯದ ಬಗ್ಗೆ. ನಮ್ಮ ಹೆಣ್ಣುಮಕ್ಕಳು ಈ ಸಿನಿಮಾಗಳನ್ನು ನೋಡುವಾಗ ಮರುಕದ ಜೊತೆಗೆ ಭಯವನ್ನೂ ಪಡುತ್ತಾರೆ. ಅದು ಸುಳ್ಳು ಭಯವೇನಲ್ಲ. ಹೋಲೊಕಾಸ್ಟ್ ವಿಷಾನಿಲದ ಕೋಣೆಯಿಂದ ಶುರುವಾಗಲಿಲ್ಲ. 1933ರ ಏಪ್ರಿಲ್ 1ರಂದು ಯಹೂದಿಯರ ಅಂಗಡಿಗಳ ಮುಂದೆ ನಾಝಿ ಕಾರ್ಯಕರ್ತರು ನಿಂತು, ಇಲ್ಲಿ ಕೊಳ್ಳಬೇಡಿ ಎಂದು ಗಿರಾಕಿಗಳನ್ನು ತಡೆದರು. 1935ರಲ್ಲಿ ಅವರ ಪೌರತ್ವದ ಹಕ್ಕನ್ನು ಕಾನೂನಿನ ಮೂಲಕ ಕಿತ್ತುಕೊಳ್ಳಲಾಯಿತು. 1938ರ ನವೆಂಬರಿನಲ್ಲಿ ಆರಾಧನಾಲಯಗಳಿಗೆ ಬೆಂಕಿ ಬಿತ್ತು. 1941ರಲ್ಲಿ ಜರ್ಮನಿಯ ಯಹೂದಿಯರು ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಅಂಗಡಿಯ ಮುಂದಿನ ಆ ದೃಶ್ಯವನ್ನು ನೋಡುವಾಗ, 2022ರಲ್ಲಿ ನಮ್ಮ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂದು ಹಾಕಿದ ಫಲಕಗಳು ನೆನಪಾದರೆ ಆಶ್ಚರ್ಯವಿಲ್ಲ. ಬಳೆ, ಆಟಿಕೆ ಮಾರಿ ಬದುಕುವ ಕುಟುಂಬಗಳ ಅನ್ನದ ಪ್ರಶ್ನೆ ಅದಾಗಿತ್ತು.

ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಡಿ. ಹಾಗೆ ಮಾಡಿದರೆ ಸತ್ತ 60 ಲಕ್ಷ ಜನರಿಗೆ ಅನ್ಯಾಯವಾಗುತ್ತದೆ, ನಮ್ಮ ಮಕ್ಕಳ ಎದೆಯಲ್ಲಿ ಸಲ್ಲದ ಹತಾಶೆಯೂ ತುಂಬುತ್ತದೆ. ಆ ಫಲಕಗಳನ್ನು ವಿರೋಧಿಸಿ ದನಿಯೆತ್ತಿದವರಲ್ಲಿ ಹಿಂದೂ ಬಾಂಧವರೂ ಇದ್ದರು ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಿ. ಜೊತೆಗೆ ನಮ್ಮ ನಾಲಿಗೆಯನ್ನೂ ನೋಡಿಕೊಳ್ಳೋಣ. ಕೆಲಸದಾಕೆಗೆ ನಾವು ಬೇರೆ ಲೋಟ ಇಟ್ಟಿದ್ದೇವೆಯೇ? ಉತ್ತರದಿಂದ ದುಡಿಯಲು ಬಂದ ಕಾರ್ಮಿಕರನ್ನು ಊಟದ ಹೊತ್ತಿನಲ್ಲಿ ಯಾವ ಹೆಸರಿನಿಂದ ಕರೆಯುತ್ತೇವೆ? ಒಂದು ಜಾತಿಯ, ಒಂದು ಧರ್ಮದ ಎಲ್ಲರನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇವೆಯೇ? ಮಕ್ಕಳು ಊಟದ ಜೊತೆಗೆ ಈ ಮಾತುಗಳನ್ನೂ ನುಂಗುತ್ತಾರೆ. ಗೋಡೆಯ ಮೊದಲ ಕಲ್ಲನ್ನು ಇಡುವುದು ಅಲ್ಲಿಯೇ.

ಗೋಡೆಯನ್ನು ದಾಟಿದವರೂ ಇದ್ದರು. ಅವರಲ್ಲಿ ಒಬ್ಬಳ ಹೆಸರು ನೀವು ಮಗಳಿಗೆ ಹೇಳಲೇಬೇಕು. ಝೈನೆಬಾ ಹರ್ದಾಗಾ, ಬೋಸ್ನಿಯಾದ ಸರಾಯೆವೊ ನಗರದ ಮುಸ್ಲಿಮ್ ಗೃಹಿಣಿ. 1941ರಲ್ಲಿ ನಾಝಿಗಳು ನಗರಕ್ಕೆ ಬಂದರು. ಬಾಂಬ್ ದಾಳಿಗೆ ಮನೆ ಕಳೆದುಕೊಂಡ ಕವಿಲಿಯೊ ಎಂಬ ಯಹೂದಿ ಕುಟುಂಬವನ್ನು ಹರ್ದಾಗಾ ಕುಟುಂಬ ತನ್ನ ಮನೆಗೆ ಕರೆದುಕೊಂಡಿತು. ನಾಝಿ ಪೊಲೀಸರ ಕಚೇರಿ ಅಲ್ಲೇ ಹತ್ತಿರದಲ್ಲಿತ್ತು. ಆ ಕಾಲದ ಒಂದು ಛಾಯಾಚಿತ್ರ ಇಂದಿಗೂ ಉಳಿದಿದೆ. ಸರಾಯೆವೊದ ಬೀದಿಯಲ್ಲಿ ಝೈನೆಬಾ ತನ್ನ ಯಹೂದಿ ಗೆಳತಿಯ ಜೊತೆ ನಡೆಯುತ್ತಿದ್ದಾಳೆ. ಗೆಳತಿಯ ತೋಳಿನ ಮೇಲಿದ್ದ ಹಳದಿ ಗುರುತು ಕಾಣದಂತೆ ತನ್ನ ಪರ್ದಾದ ಅಂಚಿನಿಂದ ಮುಚ್ಚಿದ್ದಾಳೆ. ಝೈನೆಬಾಳ ತಂದೆಯನ್ನು ಯಹೂದಿಯರಿಗೆ ಆಸರೆ ಕೊಟ್ಟ ತಪ್ಪಿಗೆ ಕೊಲ್ಲಲಾಯಿತು. ಯಹೂದಿಯರನ್ನು ಕಾಪಾಡಿದ ಅನ್ಯಧರ್ಮೀಯರಿಗೆ ಕೊಡುವ ಗೌರವ 1980ರ ದಶಕದಲ್ಲಿ ಆಕೆಗೆ ಸಂದಿತು. 1990ರ ದಶಕದಲ್ಲಿ ಅದೇ ಸರಾಯೆವೊ ಮತ್ತೆ ಗುಂಡಿನ ಸುರಿಮಳೆಗೆ ಸಿಕ್ಕಿತು. ಈ ಬಾರಿ ಸಾಯುತ್ತಿದ್ದವರಲ್ಲಿ ಹೆಚ್ಚಿನವರು ಮುಸ್ಲಿಮರು. 1994ರಲ್ಲಿ ಮುದುಕಿ ಝೈನೆಬಾಳನ್ನು ಮಗಳೊಂದಿಗೆ ಆ ನಗರದಿಂದ ಪಾರು ಮಾಡಲು ಓಡಾಡಿದವರು ಕವಿಲಿಯೊ ಕುಟುಂಬದವರೇ.

ಅಲ್ಬೇನಿಯಾ ದೇಶದಲ್ಲೂ ಹೀಗೆಯೇ. ಮನೆಗೆ ಬಂದ ಅತಿಥಿಯನ್ನು ಪ್ರಾಣ ಕೊಟ್ಟಾದರೂ ಕಾಯಬೇಕೆಂಬ 'ಬೆಸಾ' ಎಂಬ ಪದ್ಧತಿ ಅಲ್ಲಿದೆ. ಮುಸ್ಲಿಮರೇ ಹೆಚ್ಚಾಗಿದ್ದ ಆ ದೇಶದಲ್ಲಿ ಯುದ್ಧ ಮುಗಿದಾಗ ಇದ್ದ ಯಹೂದಿಯರ ಸಂಖ್ಯೆ ಯುದ್ಧಕ್ಕೆ ಮುಂಚೆ ಇದ್ದುದಕ್ಕಿಂತ ಹೆಚ್ಚಿತ್ತು. ನಮ್ಮ ನಾಡಿನ ಟಿಪ್ಪು ಸುಲ್ತಾನರ ವಂಶದ ಕುಡಿ ನೂರ್ ಇನಾಯತ್ ಖಾನ್ ಕೂಡ ನಾಝಿಗಳ ವಿರುದ್ಧ ಹೋರಾಡಿದವಳೇ. ಪ್ಯಾರಿಸ್ಸಿನಲ್ಲಿ ಬ್ರಿಟಿಷರ ಪರವಾಗಿ ಗುಪ್ತವಾಗಿ ವಯರ್‌ಲೆಸ್ ಸಂದೇಶ ಕಳಿಸುತ್ತಿದ್ದ ಆಕೆಯನ್ನು 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಕೊಂದರು. ಆಗ ಆಕೆಯ ವಯಸ್ಸು 30. ಹಾಗೆಂದು ನಮ್ಮವರೆಲ್ಲ ಸರಿಯಾದ ಕಡೆಯೇ ನಿಂತಿದ್ದರೆಂದಲ್ಲ. ಜೆರುಸಲೇಮಿನ ಮುಫ್ತಿ ಅಮೀನ್ ಅಲ್ ಹುಸೈನಿ 1941ರಲ್ಲಿ ಬರ್ಲಿನ್ನಿಗೆ ಹೋಗಿ ಹಿಟ್ಲರನ ಜೊತೆ ಕೈ ಜೋಡಿಸಿದರು. ಮಕ್ಕಳಿಂದ ಅದನ್ನೂ ಮುಚ್ಚಿಡಬೇಕಿಲ್ಲ. ಎಲ್ಲ ಸಮುದಾಯಗಳಲ್ಲೂ ಎರಡೂ ಬಗೆಯವರಿರುತ್ತಾರೆ. ನಾವು ಯಾರ ಸಾಲಿಗೆ ಸೇರಬೇಕೆಂಬುದನ್ನು ನಾವೇ ನಿರ್ಧರಿಸಬೇಕು.

ಕೊನೆಯದಾಗಿ ಮನೆಯ ಮಟ್ಟಿಗೆ ಕೆಲವು ಮಾತು. ಹತ್ತು ಹನ್ನೆರಡರ ಮಕ್ಕಳ ಕೈಗೆ ಈ ಸಿನಿಮಾಗಳನ್ನು ಕೊಡಬೇಡಿ. ಆ ವಯಸ್ಸಿಗೆ ಝೈನೆಬಾಳ ಪರ್ದಾದ ಕಥೆ ಸಾಕು. ದೊಡ್ಡ ಮಕ್ಕಳು ನೋಡುವುದಾದರೆ ರಾತ್ರಿ ಒಬ್ಬರೇ ಕುಳಿತು ನೋಡಲು ಬಿಡಬೇಡಿ. ಹಗಲಿನಲ್ಲಿ ಜೊತೆಗೆ ಕುಳಿತುಕೊಳ್ಳಿ. ಒಂದರ ಹಿಂದೊಂದು ನೋಡುವುದು ಬೇಡ. ಮುಗಿದ ಕೂಡಲೇ ಪಾಠ ಹೇಳಲು ಹೋಗಬೇಡಿ. ಚಹಾ ಮಾಡಿಕೊಡಿ, ನಮಾಝಿನ ಹೊತ್ತಾಗಿದ್ದರೆ ಒಟ್ಟಿಗೆ ನಿಲ್ಲಿ. ಮಾತು ತಾನಾಗಿ ಬರುತ್ತದೆ. ನಿದ್ದೆ ಕೆಟ್ಟು, ಊಟ ಬಿಟ್ಟು, ವಾರಗಟ್ಟಲೆ ಮಗು ಮಂಕಾಗಿದ್ದರೆ ಅದನ್ನು ಹಗುರವಾಗಿ ಕಾಣದೆ ವೈದ್ಯರ ಸಲಹೆ ಪಡೆಯಿರಿ.

ನಿಮಗೆ ಅಳುವೇ ಬರದಿದ್ದರೆ? ಅದಕ್ಕೂ ಹೆದರಬೇಡಿ. ತಿಂಗಳುಗಟ್ಟಲೆ ಮೊಬೈಲಿನಲ್ಲಿ ಛಿದ್ರಗೊಂಡ ಮಕ್ಕಳ ಚಿತ್ರಗಳನ್ನು ನೋಡಿ ನೋಡಿ ಹಲವರ ಮನಸ್ಸು ಮರಗಟ್ಟಿದೆ. ಅದು ಹೃದಯ ಕಲ್ಲಾದುದರ ಲಕ್ಷಣವಲ್ಲ, ದಣಿದುದರ ಲಕ್ಷಣ. ಸ್ವಲ್ಪ ದಿನ ಆ ಚಿತ್ರಗಳಿಂದ ದೂರವಿರಿ. ಆದರೆ ದುಆ ನಿಲ್ಲಿಸಬೇಡಿ, ಕೈಲಾದ ನೆರವನ್ನೂ ನಿಲ್ಲಿಸಬೇಡಿ. ಸಹಾಯ ಮಾಡಲು ಕಣ್ಣೀರು ಬರಲೇಬೇಕೆಂಬ ನಿಯಮವೇನೂ ಇಲ್ಲ.

ಅಳು ಬಂದರೆ ಮಾತ್ರ ಒಂದು ಕೆಲಸ ಮಾಡಿ. ಕಣ್ಣೀರು ಒರೆಸಿಕೊಂಡ ಮೇಲೆ, ಟಿ.ವಿ. ಆರಿಸಿದ ಮೇಲೆ, ಒಂದು ನಿಮಿಷ ಸುಮ್ಮನೆ ಕುಳಿತು ಕಿವಿಗೊಡಿ. ನಿಮ್ಮ ಮನೆಯ ಗೋಡೆಯಾಚೆಗೆ ಯಾರಿದ್ದಾರೆ? ಗಂಡನ ಹೊಡೆತಕ್ಕೆ ಕೂಗಿಕೊಳ್ಳುವ ನೆರೆಯಾಕೆಯೋ, ಸೊಸೆ ಮಾತಾಡಿಸದ ಮುದುಕಿಯೋ, ಊರಿನಲ್ಲಿ ಯಾರೂ ಸೇರಿಸಿಕೊಳ್ಳದ ಒಂದು ಕುಟುಂಬವೋ? 80 ವರ್ಷಗಳ ಹಿಂದೆ ಸತ್ತವರನ್ನು ನಾವು ಇಂದು ಉಳಿಸಲಾರೆವು. ಆದರೆ ಈ ಸದ್ದು ನಮಗೆ ಕೇಳಿಸುತ್ತಿದೆ. ನಾಳೆ ಬೆಳಿಗ್ಗೆ ಆ ಬಾಗಿಲನ್ನೊಮ್ಮೆ ತಟ್ಟಿ. ಕೇಳಿಸಿಕೊಳ್ಳುವ ಕಿವಿಯನ್ನೂ, ತಟ್ಟುವ ಕೈಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.